ದಣಿದ ಎಲೀಯನಿಗೆ ಮೊದಲು ರೊಟ್ಟಿ

ದೇವರ ಗೊಡವೆಯೇ ಬೇಡ ಎಂದವರಿಗೆ ಭಕ್ತಿಯಿಂದ ದಣಿವಾಗುವುದಿಲ್ಲ. ದಣಿಯುವವರು ಬೇರೆಯೇ ಜನ. ಆದಿತ್ಯವಾರದ ಮೊದಲ ಪೂಜೆಗೆ ಎಲ್ಲರಿಗಿಂತ ಮುಂಚೆ ಬರುವವರು, ಎಲ್ಲರೂ ಹೋದ ಮೇಲೆ ಕೀಬೋರ್ಡಿನ ವಯರು ಸುತ್ತಿಡುವವರು, ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಗಲಾಟೆ ಮಕ್ಕಳನ್ನು ವರ್ಷಗಟ್ಟಲೆ ಸಂಭಾಳಿಸಿದವರು, ಚರ್ಚಿನ ವಾರ್ಡಾದ ವಾಳೆಯ ಗುರಿಕಾರರಾಗಿ ಮನೆಯಿಂದ ಮನೆಗೆ ನಡೆದವರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ತಾಲೂಕುಗಳ ಚರ್ಚುಗಳು ನಿಂತಿರುವುದು ಇಂಥವರಿಂದ. ಒಂದು ದಿನ ಇವರಲ್ಲೊಬ್ಬರು "ಸಾಕಾಯ್ತ್ ಮಾರ್ರೆ, ಇನ್ ಎಡ್ಯ" ಅನ್ನುತ್ತಾರೆ. ಮುಂದಿನ ವಾರದಿಂದ ಅವರು ಹಿಂದಿನ ಬೆಂಚಿನಲ್ಲಿ, ಕೆಲವು ತಿಂಗಳಾದ ಮೇಲೆ ಹೊರಗಿನ ಜಗಲಿಯಲ್ಲಿ, ಆಮೇಲೆ ಮನೆಯಲ್ಲೇ. ಊರಿನ ತೀರ್ಪು ಬೇಗ ಬರುತ್ತದೆ: ವಿಶ್ವಾಸ ಕಡಿಮೆಯಾಗಿದೆ, ಪ್ರಾರ್ಥನೆ ಸಾಲದು, ಒಂದು ಧ್ಯಾನಕೂಟಕ್ಕೆ ಕಳುಹಿಸಿದರೆ ಸರಿಯಾಗುತ್ತಾರೆ. ಈ ತೀರ್ಪು ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು, ಅಷ್ಟೇ ಅಲ್ಲ, ಅದು ಬೈಬಲಿಗೂ ಧರ್ಮಸಭೆಯ ಹಳೆಯ ವಿವೇಕಕ್ಕೂ ವಿರುದ್ಧ ಎಂಬುದು ನನ್ನ ವಾದ. ಆತ್ಮದ ದಣಿವು ಬಹುಪಾಲು ಶರೀರದಿಂದ ಮತ್ತು ಕೆಲಸ ಹಂಚಿದ ರೀತಿಯಿಂದ ಶುರುವಾಗುತ್ತದೆ. ಪರಿಹಾರವೂ ಅಲ್ಲಿಂದಲೇ ಶುರುವಾಗಬೇಕು.

ಹೊರೆ ಎಷ್ಟಿದೆ ಎಂದು ಮೊದಲು ನೋಡೋಣ. 2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟು ಉಡುಪಿ ಧರ್ಮಪ್ರಾಂತ ಆಯಿತು. ಅದರ ಚರ್ಚುಗಳಲ್ಲಿ ಪಾಲನಾ ಮಂಡಳಿಯ ಜೊತೆ 20 ಆಯೋಗಗಳಿವೆ. ಅವುಗಳ ಪಕ್ಕದಲ್ಲಿ ಕಥೊಲಿಕ್ ಸಭಾ, ಸ್ತ್ರೀ ಸಂಘಟನೆ, ಯುವಜನರಿಗೆ ಐಸಿವೈಎಂ, ವಿದ್ಯಾರ್ಥಿಗಳಿಗೆ ವೈಸಿಎಸ್, ಬಡವರ ನೆರವಿಗೆ ವಿನ್ಸೆಂಟ್ ಡಿ ಪಾವ್ಲ್ ಸಭೆ. ಒಂದೊಂದೂ ಒಳ್ಳೆಯ ಉದ್ದೇಶದಿಂದ ಹುಟ್ಟಿದ್ದೇ, ಯಾವುದನ್ನೂ ಹಳಿಯುವಂತಿಲ್ಲ. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿ, ಸೆಪ್ಟೆಂಬರ್ 8ರ ಮರಿಯಮ್ಮನ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ನೊವೆನಾ, ಅಕ್ಟೋಬರ್ ತುಂಬ ಜಪಸರ, ಮಳೆ ಹೋದ ಮೇಲೆ ಚರ್ಚಿನ ವಾರ್ಷಿಕ ಹಬ್ಬ ತೆರಾಲಿ, ಅದು ಮುಗಿಯುವ ಹೊತ್ತಿಗೆ ಕ್ರಿಸ್ಮಸ್ಸಿನ ಗೋದಲಿ. ಸಾವಿರ ಕುಟುಂಬಗಳಿರುವ ಚರ್ಚಿಗೆ ಇದು ಸಂಭ್ರಮ. ಬೈಂದೂರು ಕಡೆಯ ಸಣ್ಣ ಚರ್ಚುಗಳ ಸ್ಥಿತಿ ಹಾಗಲ್ಲ. ಅಲ್ಲಿ ಕುಟುಂಬಗಳೇ ಕಡಿಮೆ, ಇದ್ದ ಕುಟುಂಬಗಳ ದುಡಿಯುವ ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ. ಉಳಿದ ಹತ್ತಾರು ಜನರೇ ಎಲ್ಲ ಸಂಘಗಳ ಪದಾಧಿಕಾರಿಗಳು. ಒಂದು ಸಭೆಯಲ್ಲಿ ಅಧ್ಯಕ್ಷರಾದವರು ಮುಂದಿನ ಸಭೆಯಲ್ಲಿ ಕಾರ್ಯದರ್ಶಿ. ಮುದೂರು, ಜಡ್ಕಲ್ ಭಾಗದಲ್ಲಿ ಕೇರಳದಿಂದ ಬಂದು ರಬ್ಬರು ಹಾಕಿದ ಕುಟುಂಬಗಳಿವೆ. ಬೆಳಕು ಹರಿಯುವ ಮುಂಚೆ ಟ್ಯಾಪಿಂಗಿಗೆ ಹೋಗಿ ಬಂದವರು ಸಂಜೆ ಕುಟುಂಬ ಪ್ರಾರ್ಥನೆಯ ಸರದಿ ನೋಡಬೇಕು. ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಸಭೆ, ಕುಂದಾಪುರದ ಸಿಎಸ್‌ಐ ಸಭೆ, ಹೊಸದಾಗಿ ಎದ್ದ ಪ್ರಾರ್ಥನಾ ಗುಂಪುಗಳು, ಪಂಗಡ ಯಾವುದಾದರೂ ಇರಲಿ, ಕೈಯಲ್ಲಿರುವ ಜನ ಅಷ್ಟೇ.

ಈ ದಣಿವು ಹೊಸ ಕಾಲದ ಕಾಯಿಲೆ ಎಂದುಕೊಂಡರೆ ಅದೂ ಸರಿಯಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಸನ್ಯಾಸಿ ಎವಾಗ್ರಿಯುಸ್ ಇದನ್ನು ಕಣ್ಣಾರೆ ಕಂಡು ಬರೆದಿಟ್ಟ. ಅವನು ಅದಕ್ಕೆ ನಡುಹಗಲಿನ ಪಿಶಾಚಿ ಎಂದ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಕಾಟ. ಹೊತ್ತು ಸರಿಯುವುದೇ ಇಲ್ಲ ಅನ್ನಿಸುತ್ತದೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಇರುವ ಜಾಗ ಬೇಸರ, ಮಾಡುವ ಕೆಲಸ ಬೇಸರ, ಜೊತೆಯವರಲ್ಲಿ ಪ್ರೀತಿಯೇ ಉಳಿದಿಲ್ಲ ಎಂಬ ಗುಮಾನಿ. ಅವನ ನಂತರ ಬಂದ ಯೊವಾನ್ ಕಸ್ಸಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ, ಮತ್ತು ಅದು ನಮಗೆ ಬಹಳ ಮುಖ್ಯ. ಈ ಬೇಸರ ಹೊಕ್ಕ ಸನ್ಯಾಸಿ ಸುಮ್ಮನೆ ಮಲಗುವುದಷ್ಟೇ ಅಲ್ಲ, ರೋಗಿಗಳನ್ನು ನೋಡಿಬರಬೇಕು, ದಿಕ್ಕಿಲ್ಲದ ಹೆಂಗಸಿಗೆ ನೆರವಾಗಬೇಕು ಎಂದು ಪುಣ್ಯದ ನೆಪ ಹೂಡಿ ಹೊರಗೆ ಓಡುತ್ತಾನೆ ಎಂದ ಕಸ್ಸಿಯನ್. ಅಂದರೆ ಒಳಗೆ ಬತ್ತಿದವನು ಹೊರಗೆ ಎಲ್ಲರಿಗಿಂತ ಚುರುಕಾಗಿ ಕಾಣಬಹುದು. ನಮ್ಮ ಚರ್ಚುಗಳಲ್ಲಿ ಹತ್ತು ಸಮಿತಿಗಳಲ್ಲಿ ಹೆಸರಿರುವ ಮನುಷ್ಯನನ್ನು ನಾವು ಭಕ್ತಿವಂತ ಎಂದು ಹೊಗಳುತ್ತೇವೆ. ಆತ ಒಬ್ಬನೇ ಕುಳಿತು ಐದು ನಿಮಿಷ ಪ್ರಾರ್ಥಿಸಲು ಆಗದೆ ಹೊಸ ಕೆಲಸ ಒಪ್ಪಿಕೊಳ್ಳುತ್ತಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಹಳಬರು ಈ ಬೇಸರವನ್ನು ಪಾಪಗಳ ಪಟ್ಟಿಯಲ್ಲಿ ಸೇರಿಸಿದ್ದರಲ್ಲ, ಏಳು ಮುಖ್ಯ ಪಾಪಗಳಲ್ಲಿ ಸೋಮಾರಿತನವೂ ಒಂದಲ್ಲವೆ, ಹಾಗಾದರೆ ದಣಿದವನಿಗೆ ಬೇಕಾದದ್ದು ಪಾಪನಿವೇದನೆಯೇ ಹೊರತು ವಿಶ್ರಾಂತಿಯಲ್ಲ ಎನ್ನಬಹುದು. ಆಕ್ಷೇಪಕ್ಕೆ ತೂಕವಿದೆ. ಆದರೆ ಸೋಮಾರಿಗೂ ದಣಿದವನಿಗೂ ಇರುವ ವ್ಯತ್ಯಾಸ ಯಾವ ತಾಯಿಗೂ ಗೊತ್ತು. ಸೋಮಾರಿಗೆ ಕೆಲಸ ಬಿದ್ದಿದೆ ಎಂಬ ಚಿಂತೆಯಿಲ್ಲ. ದಣಿದವನಿಗೆ ತನ್ನ ಮನಸ್ಸು ಕಲ್ಲಾಯಿತಲ್ಲ ಎಂಬುದೇ ದೊಡ್ಡ ಚಿಂತೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಅಮೆರಿಕದ ಮನೋವಿಜ್ಞಾನಿ ಬರ್ನೌಟ್ ಬಗ್ಗೆ ಬರೆದಾಗ ಅವನ ಕಣ್ಣಮುಂದೆ ಇದ್ದವರು ಉಚಿತ ಚಿಕಿತ್ಸಾಲಯದಲ್ಲಿ ಸೇವಾಭಾವದಿಂದ ದುಡಿಯುತ್ತಿದ್ದ ಜನ, ಮೈಗಳ್ಳರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ರೋಗ ಎಂದು ಕರೆಯದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿ ಮೂರು ಲಕ್ಷಣ ಹೇಳಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ಮಾಡಿದ್ದು ಫಲಿಸುತ್ತಿಲ್ಲ ಎನ್ನಿಸುವುದು. ಎವಾಗ್ರಿಯುಸನ ಸನ್ಯಾಸಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಾವಿರದಾರುನೂರು ವರ್ಷಗಳ ಅಂತರ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಆ ಬೇಸರವನ್ನು ಪಾಪವೆಂದು ತರ್ಕಬದ್ಧವಾಗಿ ವಿವರಿಸಿದ ಸಂತ ಥಾಮಸ್ ಅಕ್ವಿನಾಸರೇ, ಅದೇ ಬೃಹದ್‌ಗ್ರಂಥದ ಇನ್ನೊಂದು ಕಡೆ ದುಃಖಕ್ಕೆ ಮದ್ದು ಹೇಳುವಾಗ ಕಣ್ಣೀರು, ಗೆಳೆಯರ ಸಾಂತ್ವನ, ಸತ್ಯದ ಧ್ಯಾನ ಇವುಗಳ ಜೊತೆಗೆ ನಿದ್ದೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ. ನಮ್ಮ ಕಡೆಯ ಬಚ್ಚಲು ಹಂಡೆಯ ಬಿಸಿನೀರನ್ನು ಆ ಮಹಾನುಭಾವರು ಕಂಡಿರಲಿಕ್ಕಿಲ್ಲ. ಕಂಡಿದ್ದರೆ ಇನ್ನೂ ನಾಲ್ಕು ಸಾಲು ಬರೆಯುತ್ತಿದ್ದರೋ ಏನೋ.

ಆದರೂ ಈ ವಾದಕ್ಕೆ ಗಟ್ಟಿ ಆಧಾರ ಇರುವುದು ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದಲ್ಲಿ ಬಾಳನ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಗೆದ್ದವನು. ಗೆದ್ದ ಬೆನ್ನಿಗೇ ಈಜೆಬೆಲ್ ರಾಣಿಯ ಬೆದರಿಕೆಗೆ ಹೆದರಿ ಓಡುತ್ತಾನೆ. ಬೇರ್ಷೆಬದಲ್ಲಿ ಆಳನ್ನು ಬಿಟ್ಟು, ಮರುಭೂಮಿಯಲ್ಲಿ ಒಂದು ದಿನದ ದಾರಿ ನಡೆದು, ಜಾಲಿಗಿಡದ ಕೆಳಗೆ ಕುಳಿತು, ಸತ್ತರೆ ಸಾಕು ಎಂದು ದೇವರಲ್ಲಿ ಬೇಡಿ ಮಲಗಿಬಿಡುತ್ತಾನೆ. ದೂತ ಬಂದು ಏನು ಮಾಡಿದ ಎಂಬುದನ್ನು ಗಮನವಿಟ್ಟು ಓದಬೇಕು. ಬೈಯಲಿಲ್ಲ. ಕರ್ಮೆಲಿನ ಗೆಲುವನ್ನು ನೆನಪಿಸಿ ಹುರಿದುಂಬಿಸಲಿಲ್ಲ. ಮೈತಟ್ಟಿ ಎಬ್ಬಿಸಿ, ತಲೆಯ ಹತ್ತಿರ ಕೆಂಡದ ಮೇಲೆ ಬೆಂದ ರೊಟ್ಟಿಯನ್ನೂ ತಂಬಿಗೆ ನೀರನ್ನೂ ತೋರಿಸಿ, ಎದ್ದು ತಿನ್ನು ಎಂದ. ಎಲೀಯ ತಿಂದು ಕುಡಿದು ಮತ್ತೆ ಮಲಗಿದ. ದೂತ ಅದಕ್ಕೂ ಅಡ್ಡಿ ಮಾಡಲಿಲ್ಲ. ಎರಡನೆಯ ಸಲ ಎಬ್ಬಿಸಿದಾಗಲೂ ಅದೇ ರೊಟ್ಟಿ, ಜೊತೆಗೆ ಒಂದೇ ವಿವರಣೆ: ನಿನ್ನ ಶಕ್ತಿಗೆ ಮೀರಿದ ದಾರಿ ಮುಂದಿದೆ. ನಲವತ್ತು ದಿನ ನಡೆದು ಹೋರೇಬಿಗೆ ತಲುಪಿದ ಮೇಲಷ್ಟೇ ದೇವರು ಇಲ್ಲೇನು ಮಾಡುತ್ತಿರುವೆ ಎಂದು ಕೇಳಿದ್ದು. ಉಳಿದವನು ನಾನೊಬ್ಬನೇ ಎಂಬ ಎಲೀಯನ ದೂರಿಗೆ ಉತ್ತರವಾಗಿ, ಬಾಳನಿಗೆ ಮಂಡಿಯೂರದ ಏಳು ಸಾವಿರ ಜನ ಇದ್ದಾರೆ ಎಂದು ತಿಳಿಸಿದ್ದು. ಎಲೀಷನನ್ನು ಅವನ ಜಾಗಕ್ಕೆ ಅಭಿಷೇಕಿಸು ಎಂದದ್ದು. ಮೊದಲು ಅನ್ನ ಮತ್ತು ನಿದ್ದೆ, ಆಮೇಲೆ ಮಾತು, ಕೊನೆಯಲ್ಲಿ ಹೊರೆ ಹಂಚಿಕೊಳ್ಳಲು ಮನುಷ್ಯ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ: ಬಳಲಿದವರಿಗೆ ಮೊದಲು ಉಪದೇಶ, ಆಮೇಲೆ ಇನ್ನೊಂದು ಜವಾಬ್ದಾರಿ, ರೊಟ್ಟಿ ಅವರೇ ನೋಡಿಕೊಳ್ಳಬೇಕು.

ಗೆತ್ಸೇಮನೆಯಲ್ಲಿ ನಿದ್ದೆ ಹೋದ ಶಿಷ್ಯರನ್ನು ಯೇಸುಸ್ವಾಮಿ ಗದರಿಸಲಿಲ್ಲವೆ ಎಂದು ಕೇಳಬಹುದು. ಗದರಿಸಿದರು, ಆತ್ಮಕ್ಕೆ ಮನಸ್ಸಿದ್ದರೂ ದೇಹ ಸೋಲುತ್ತದೆ ಎಂದು ಆಗಲೇ ಒಪ್ಪಿಕೊಂಡರು ಕೂಡ. ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಊಟಕ್ಕೂ ಪುರುಸೊತ್ತಿಲ್ಲದ ಶಿಷ್ಯರನ್ನು ಜನರಿಲ್ಲದ ಕಡೆ ಬಂದು ದಣಿವಾರಿಸಿಕೊಳ್ಳಿ ಎಂದು ಕರೆದವರೂ ಅವರೇ. ನಾಲ್ಕನೆಯ ಅಧ್ಯಾಯದಲ್ಲಿ ಬಿರುಗಾಳಿಗೆ ಸಿಕ್ಕ ದೋಣಿಯ ಹಿಂಭಾಗದಲ್ಲಿ ತಲೆದಿಂಬಿಟ್ಟು ಮಲಗಿದ್ದವರೂ ಅವರೇ. ಒಂದು ರಾತ್ರಿ ಎಚ್ಚರವಿರಿ ಎಂದ ಮಾತನ್ನು ವರ್ಷವಿಡೀ ನಿದ್ದೆಗೆಡಬೇಕೆಂಬ ಆಜ್ಞೆಯಾಗಿ ಓದುವುದು ಅನ್ಯಾಯ. ಶಿಲುಬೆ ಹೊರಬೇಕು, ನಿಜ. ಆದರೆ ಶಿಲುಬೆ ಬದುಕು ತಂದೊಡ್ಡುವಂಥದ್ದು. ಕಾರ್ಯಕ್ರಮಗಳ ಪಟ್ಟಿ ನಾವೇ ಕೂತು ಬರೆದದ್ದು.

ಇನ್ನೊಂದು ಆಕ್ಷೇಪ ನಮ್ಮ ನೆಲದ್ದೇ. ಸಂತ ಜೋಸೆಫ್ ವಾಜ್ 1681ರಲ್ಲಿ ಕೆನರಾ ಮಿಶನಿನ ಮುಖ್ಯಸ್ಥರಾಗಿ ಬಂದಾಗ ಇದು ಕೆಳದಿ ಚೆನ್ನಮ್ಮಾಜಿಯ ಆಳ್ವಿಕೆಯ ನಾಡು. ಬಸ್ರೂರು, ಕುಂದಾಪುರ, ಗಂಗೊಳ್ಳಿ, ಬಾರ್ಕೂರು, ಕಲ್ಯಾಣಪುರ ಎಂದು ಸುತ್ತಿ ಬೋಧಿಸಿದರು, ಚರ್ಚು ಕಟ್ಟಿಸಿದರು, ಮಕ್ಕಳಿಗೆ ಶಾಲೆ ತೆರೆದರು. ಆ ಸಂತರು ದಣಿಯಲಿಲ್ಲ, ನಮ್ಮದೇನು ದೊಡ್ಡ ದಣಿವು ಎಂದು ಕೇಳುವವರಿದ್ದಾರೆ. ಕುಂದಾಪುರದ ರೋಜರಿ ಮಾತೆಯ ಚರ್ಚಿನಲ್ಲಿ ಪ್ರಾರ್ಥಿಸುತ್ತಿದ್ದಾಗ ಅವರ ದೇಹ ನೆಲ ಬಿಟ್ಟು ಮೇಲೆದ್ದಿತ್ತು ಎಂಬ ಪ್ರತೀತಿ ನಮ್ಮಲ್ಲಿದೆ. ನೆಲ ಬಿಟ್ಟದ್ದನ್ನು ನೆನೆಯುವವರು, ಅದಕ್ಕೆ ಮುಂಚೆ ಅವರು ಸುತ್ತಾಟ ನಿಲ್ಲಿಸಿ ಒಂಟಿಯಾಗಿ ಮೊಣಕಾಲೂರಿದ್ದರು ಎಂಬುದನ್ನು ಯಾಕೆ ಬಿಡುತ್ತಾರೆ? ಮುಂದಿನದು ಇತಿಹಾಸ. ಪೋರ್ಚುಗೀಸರ ಪದ್ರುವಾದೊ ಅಧಿಕಾರಕ್ಕೂ ರೋಮಿನ ಪ್ರೊಪಗಾಂಡ ಅಧಿಕಾರಕ್ಕೂ ನಡುವಿನ ಜಗಳ ಇಲ್ಲಿನ ಮಿಶನಿನಲ್ಲಿ ತುಂಬಿಕೊಂಡಿತ್ತು. 1684ರಲ್ಲಿ ವಾಜ್ ಗೋವೆಗೆ ಮರಳಿದರು. ಮರಳಿದವರು ಇನ್ನೊಂದು ಒಂಟಿ ಸಾಹಸಕ್ಕೆ ಕೈಹಾಕದೆ, ಒಟ್ಟಿಗೆ ಬಾಳಿ ಒಟ್ಟಿಗೆ ಪ್ರಾರ್ಥಿಸಲು ಬಯಸಿದ್ದ ಕೆಲವು ಗೋವನ್ ಗುರುಗಳ ಜೊತೆ ಸೇರಿದರು. 1685ರ ಹೊತ್ತಿಗೆ ಅದೇ ಗೋವೆಯ ಒರೆಟರಿ ಸಭೆಯಾಯಿತು. 1687ರಲ್ಲಿ ಶ್ರೀಲಂಕಾಕ್ಕೆ ಹೋಗಿ ಸುಮಾರು ಹತ್ತು ವರ್ಷ ಅವರು ಹೆಚ್ಚುಕಡಿಮೆ ಒಬ್ಬರೇ ದುಡಿದದ್ದು ಹೌದು. ಆದರೆ ಬೆನ್ನಿಗೆ ಆ ಸಭೆಯಿತ್ತು, ಅಲ್ಲಿಂದಲೇ ಜೊತೆಗಾರರು ಬಂದರು, ಹಾಗಾಗಿ 1711ರಲ್ಲಿ ವಾಜ್ ತೀರಿಕೊಂಡಾಗ ಕೆಲಸ ಅವರ ಜೊತೆ ಸಾಯಲಿಲ್ಲ. 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ವಾಜರನ್ನು ಸಂತರೆಂದು ಸಾರಿದಾಗ ನಮ್ಮ ಕಡೆಯೂ ಹಬ್ಬವೆನಿಸಿದ್ದು ಸಹಜವೇ. ಅವರ ಹೆಸರಿನಲ್ಲಿ ದಣಿದವರ ಬಾಯಿ ಮುಚ್ಚಿಸುವುದು ಮಾತ್ರ ಸಲ್ಲದು.

ವಿಶ್ರಾಂತಿ ಎಂದ ಕೂಡಲೇ ಪ್ರಾರ್ಥನೆಯೂ ನಿಂತುಹೋಗುತ್ತದೆ, ಆಮೇಲೆ ಜನ ಚರ್ಚಿಗೆ ಬರುವುದೇ ಇಲ್ಲ ಎಂಬ ಭಯ ಗುರುಗಳಿಗೂ ಹಿರಿಯರಿಗೂ ಇದೆ. ಗಂಗೊಳ್ಳಿ ಬಂದರಿನಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡಕ್ಕೆ, ಬಲೆಗಳು ರಿಪೇರಿಗೆ. ಮೀನು ಮರಿಮಾಡುವ ಕಾಲದಲ್ಲೂ ಕಡಲನ್ನು ಗೋರಿದರೆ ಮುಂದಿನ ವರ್ಷ ಬಲೆ ಖಾಲಿ ಎಂಬುದನ್ನು ಮೀನುಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ 61 ದಿನವೂ ಕಡಲಿಗೆ ಯಾರೂ ಇಳಿಯುವುದಿಲ್ಲ ಎಂದಲ್ಲ. ನಾಡದೋಣಿಗಳು ಅಲೆ ನೋಡಿಕೊಂಡು ದಡದ ಆಸುಪಾಸಿನಲ್ಲಿ ಬಲೆ ಬೀಸುತ್ತವೆ, ಮನೆಯ ಸಾರಿಗೆ ಮೀನು ಬರುತ್ತದೆ. ದಣಿದ ಭಕ್ತನಿಗೂ ನಾಡದೋಣಿಯಷ್ಟು ಪ್ರಾರ್ಥನೆ ಸಾಕು. ಮೂರು ಹೊತ್ತಿನ ಆಮೊರಿ ಪ್ರಾರ್ಥನೆಯ ಗಂಟೆಗೆ ಒಂದೆರಡು ನಿಮಿಷ ಸಾಲುತ್ತದೆ, ಅದರಲ್ಲೂ ಒಂದು ಗಂಟೆ ಸರಿಯಾಗಿ ನಡುಹಗಲಿಗೇ ಬಾರಿಸುತ್ತದೆ. ಸಂಜೆಯ ತೇರ್ಸು, ಅಂದರೆ ಜಪಸರ, ಪೂರ್ತಿ ಹೇಳಲಾಗದಿದ್ದರೆ ಒಂದು ದಶಕ, ಕೊನೆಗೆ ಮನೆಯ ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ. ಮನಸ್ಸು ಕರಗಲಿ ಬಿಡಲಿ, ಬಾಯಿಗೆ ಬರುವ ಹಳೆಯ ಮಾತುಗಳಲ್ಲಿ ಪೂರ್ವಿಕರ ಉಸಿರಿದೆ. ಉದ್ವೇಗದ ಧ್ಯಾನಕೂಟದಲ್ಲಿ ಅತ್ತು ಹಗುರಾಗಿ ಬಂದವರು ಮೂರು ವಾರದಲ್ಲಿ ಮೊದಲಿಗಿಂತ ಕೆಳಗೆ ಕುಸಿಯುವುದುಂಟು. ಹೊರೆ ಹಾಗೇ ಇದ್ದರೆ ಕಣ್ಣೀರು ಎಷ್ಟು ದಿನದ ಆಸರೆ? ಧ್ಯಾನಕೂಟ ಬೇಡವೆಂದು ನಾನು ಹೇಳುತ್ತಿಲ್ಲ, ಅದು ರೊಟ್ಟಿಯ ಬದಲಿಗೆ ಆಗಬಾರದು.

ಹಾಗಾದರೆ ಕೆಲಸ ಮಾಡುವವರು ಯಾರು? ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಇದೇ, ಮತ್ತು ಮೋಶೆಯ ಮಾವ ಇತ್ರೋನನಿಗೂ ಇದೇ ಪ್ರಶ್ನೆ ಎದುರಾಗಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಜನರ ವ್ಯಾಜ್ಯ ಕೇಳುತ್ತ ಕುಳಿತ ಅಳಿಯನನ್ನು ನೋಡಿ, ಹೀಗಾದರೆ ನೀನೂ ಬಳಲುವೆ, ಕಾದು ನಿಂತ ಜನರೂ ಬಳಲುವರು ಎಂದವನು ಆತ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಎಂದು ಕೆಲಸ ಹಂಚಿಸಿದ. ನಮ್ಮ ವಾಳೆ ಮತ್ತು ಗುರಿಕಾರರ ಪದ್ಧತಿ ಇದೇ ವಿವೇಕದಿಂದ ಬಂದದ್ದು, ಆದರೆ ಒಬ್ಬರನ್ನೇ ಹತ್ತಾರು ವರ್ಷ ಕೂರಿಸಿದರೆ ಹಂಚಿಕೆ ಎನ್ನುವುದಕ್ಕೆ ಅರ್ಥವಿಲ್ಲ. ಗುರುಗಳ ವಿಷಯದಲ್ಲಿ ಧರ್ಮಸಭೆ ಕಣ್ಣು ತೆರೆದಿದೆ: 1983ರ ಧರ್ಮಸಭಾ ಕಾನೂನಿನ 533ನೆಯ ವಿಧಿಯಂತೆ ವಿಗಾರರು ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ತೆಗೆದುಕೊಳ್ಳಬಹುದು, ವಾರ್ಷಿಕ ಧ್ಯಾನದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. 1247ನೆಯ ವಿಧಿ ಎಲ್ಲ ವಿಶ್ವಾಸಿಗಳಿಗೂ ಅನ್ವಯಿಸುತ್ತದೆ. ಆದಿತ್ಯವಾರ ಆರಾಧನೆಗೆ, ಆ ದಿನದ ಸಂತೋಷಕ್ಕೆ, ಮೈಮನಸ್ಸಿನ ವಿಶ್ರಾಂತಿಗೆ ಅಡ್ಡಿಯಾಗುವ ಕೆಲಸ ಬಿಡಬೇಕೆನ್ನುತ್ತದೆ. ಪೂಜೆ ಮುಗಿದ ಮೇಲೆ ತರಗತಿ, ತರಗತಿ ಮುಗಿದ ಮೇಲೆ ಸಮಿತಿ ಸಭೆ, ಮಧ್ಯಾಹ್ನ ಯಾವುದೋ ಸ್ಪರ್ಧೆ ಇಟ್ಟುಕೊಂಡ ಚರ್ಚು ಈ ವಿಧಿಯನ್ನು ಮುರಿಯುತ್ತಿಲ್ಲ ಎಂದು ಧೈರ್ಯವಾಗಿ ಹೇಳಲು ನನಗಂತೂ ಆಗದು.

ವಿಶ್ರಾಂತಿಯಿಂದ ಎಲ್ಲ ಬೇಸರವೂ ಹೋಗುತ್ತದೆಂದು ಹೇಳಿದರೆ ಅದೂ ಸುಳ್ಳು. ಶಿಲುಬೆಯ ಸಂತ ಯೊವಾನ್ನರು ಹೇಳಿದ ಆತ್ಮದ ಕತ್ತಲೆ ಬೇರೆ. ಮದರ್ ತೆರೇಸಾರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಟ್ಟಲೆ ಅವರಿಗೆ ದೇವರ ಸಾಮೀಪ್ಯದ ಅನುಭವವೇ ಇರಲಿಲ್ಲವೆಂದು ತಿಳಿದು ಲೋಕ ಬೆರಗಾಯಿತು. ಆ ಕತ್ತಲೆಯಲ್ಲಿ ಪ್ರಾರ್ಥನೆ ರುಚಿಸದಿದ್ದರೂ ಬಡವನ ಮೇಲಿನ ಪ್ರೀತಿ ಬತ್ತಲಿಲ್ಲ. ಬಳಲಿಕೆಯಲ್ಲಿ ಮೊದಲು ಬತ್ತುವುದು ಜನರ ಮೇಲಿನ ಪ್ರೀತಿಯೇ. ಬಾಗಿಲು ತಟ್ಟಿದವನ ಮುಖ ಕಂಡರೆ ಸಿಟ್ಟು ಬರುತ್ತದೆ. ನನಗೆ ತೋಚುವ ಗುರುತು ಇದು. ಮೂರನೆಯದೂ ಒಂದಿದೆ, ಖಿನ್ನತೆ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನ್ನಿಸಿದರೆ ಅದಕ್ಕೆ ವೈದ್ಯರು ಬೇಕು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾವನ್ನು ಬೇಡಿದ ಎಲೀಯನನ್ನು ದೂತ ಒಂಟಿಯಾಗಿ ಬಿಟ್ಟುಹೋಗಲಿಲ್ಲ ಎಂಬುದನ್ನು ಮನೆಯವರೂ ನೆನಪಿಟ್ಟರೆ ಒಳ್ಳೆಯದು.

ಬೇಸತ್ತವರು ಚರ್ಚು ಬದಲಿಸುವುದೂ ಈಗ ಸಾಮಾನ್ಯ. ಹೊಸ ಕಡೆ ಹಾಡು ಜೋರು, ಸ್ವಾಗತ ಬೆಚ್ಚಗೆ. ಬೇರೆ ಜಾಗಕ್ಕೆ ಹೋದರೆ ಸರಿಹೋದೀತು ಎಂಬ ಯೋಚನೆಯೇ ನಡುಹಗಲಿನ ಪಿಶಾಚಿಯ ಮುಖ್ಯ ಆಮಿಷ ಎಂದು ಎವಾಗ್ರಿಯುಸ್ ಎಚ್ಚರಿಸಿದ್ದ. ಬ್ರಹ್ಮಾವರದಲ್ಲಿ ಇದಕ್ಕೆ ಎದುರಾದ ನಿದರ್ಶನವಿದೆ. 1889ರಲ್ಲಿ ಕೊಟ್ಟಾಯಮಿನಲ್ಲಿ ಬಿಷಪರಾಗಿ ಅಭಿಷಿಕ್ತರಾದ ಗೋವೆಯ ಅಲ್ವಾರಿಸ್ ಮಾರ್ ಜೂಲಿಯುಸ್ ಅವರ ಜೊತೆಗಾರ ರೋಕ್ ಜೆಫ್ರಿನ್ ನೊರೊನ್ಹಾ, ರೋಮಿನಿಂದ ಹೊರಬಿದ್ದ ಆ ಪುಟ್ಟ ಸಮುದಾಯದ ಜೊತೆ ದಶಕಗಟ್ಟಲೆ ನಿಂತರು, 1936ರಲ್ಲಿ ತೀರಿಕೊಳ್ಳುವವರೆಗೂ. ಮಾತೃಸಭೆಯ ಬಹಿಷ್ಕಾರ, ಕೈಯಲ್ಲಿ ಹಣವಿಲ್ಲ, ಬಿಷಪರು ದೂರದ ಗೋವೆಯಲ್ಲಿ. ಆ ಸಭೆ ಯಾಕೆ ಬೇರೆಯಾಯಿತು ಎಂಬ ವಾದಕ್ಕೆ ನಾನಿಲ್ಲಿ ಹೋಗುವುದಿಲ್ಲ. ಇಷ್ಟು ದೀರ್ಘ ಕಾಲ ಒಂದೇ ಊರಿನಲ್ಲಿ ನಿಲ್ಲಬಲ್ಲವರು ಪ್ರತಿ ವರ್ಷವೂ ಹೊಸದೊಂದನ್ನು ಶುರುಮಾಡುವ ಆತುರದವರಾಗಿರಲಿಕ್ಕಿಲ್ಲ ಎಂದಷ್ಟೇ ನನ್ನ ಊಹೆ.

ಆಗಮನ ಕಾಲಕ್ಕೆ ಮೊದಲು ಪಾಲನಾ ಮಂಡಳಿಗಳು ಮುಂದಿನ ವರ್ಷದ ಪಟ್ಟಿ ಹಿಡಿದು ಕೂರುತ್ತವೆ. ಅಲ್ಲಿ ಸೇರಿಸಲು ಏನಿದೆ ಎಂದು ಕೇಳುವುದು ರೂಢಿ. ಈ ಸಲ ತೆಗೆಯಲು ಏನಿದೆ ಎಂದು ಒಂದು ಗಂಟೆ ಚರ್ಚಿಸಬಹುದು. ಒಂದೇ ಜವಾಬ್ದಾರಿಯನ್ನು ಮೂರು ವರ್ಷಕ್ಕಿಂತ ಹೆಚ್ಚು ಹೊತ್ತವರ ಹೆಸರು ಓದಿ, ಅವರಿಗೆ ಒಂದು ವರ್ಷದ ಬಿಡುವನ್ನು ಮಂಡಳಿಯೇ ಕೊಡಬಹುದು. ಅವರಾಗಿ ಕೇಳಲಿ ಎಂದು ಕಾದರೆ ಅವರು ಕೇಳುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ತೆರವಾದ ಜಾಗಕ್ಕೆ ಇಪ್ಪತ್ತರ ಹರೆಯದವರನ್ನು ಹೆಸರು ಹಿಡಿದು ಕರೆಯಬೇಕು, ತಪ್ಪು ಮಾಡಲು ಬಿಡಬೇಕು. ಯಾರೂ ಸಿಗದಿದ್ದರೆ ಆ ಕಾರ್ಯಕ್ರಮ ಒಂದು ವರ್ಷ ನಡೆಯದೆ ಇರಲಿ. ವಿಗಾರರು ಒಪ್ಪಬೇಕು, ಅಷ್ಟೆ.